ಕೆ.ಜಿ. ಕೊಳ್ಳದ ಅನಿಲ ಮತ್ತು ತಪ್ಪಿದ ಗಡುವು

2015ರ ಮಾರ್ಚ್‌ನಲ್ಲಿ ದೆಹಲಿಯ ಊರ್ಜಾ ಸಂಗಮ ಸಮಾವೇಶದಲ್ಲಿ ಪ್ರಧಾನಿ ಒಂದು ಲೆಕ್ಕ ಮುಂದಿಟ್ಟರು. ದೇಶಕ್ಕೆ ಬೇಕಾದ ತೈಲದಲ್ಲಿ ಆಗ ಶೇ 77ರಷ್ಟು ಆಮದಾಗುತ್ತಿತ್ತು. ಸ್ವಾತಂತ್ರ್ಯದ 75ನೇ ವರ್ಷವಾದ 2022ರ ಹೊತ್ತಿಗೆ ಅದನ್ನು ಕನಿಷ್ಠ ಶೇ 10ರಷ್ಟಾದರೂ ಇಳಿಸಬೇಕು ಎಂಬುದು ಗುರಿಯಾಗಿತ್ತು. 2022–23ರಲ್ಲಿ ಆಮದಿನ ಪಾಲು ಶೇ 87 ಮೀರಿತು. ಗುರಿ ಇಟ್ಟದ್ದು ತಪ್ಪಲ್ಲ. ಅದು ಏಕೆ ಕೈಗೂಡಲಿಲ್ಲ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1889ರಲ್ಲಿ ಅಸ್ಸಾಮಿನ ದಿಗ್ಬೋಯಿಯಲ್ಲಿ ತೈಲ ಸಿಕ್ಕಿತು, 1974ರಲ್ಲಿ ಮುಂಬೈ ಆಚೆಯ ಸಮುದ್ರದಲ್ಲಿ ಬಾಂಬೆ ಹೈ ತೈಲ ಕ್ಷೇತ್ರ ಪತ್ತೆಯಾಯಿತು, ಎಂಬತ್ತರ ದಶಕವಿಡೀ ದೇಶದ ಭಾರವನ್ನು ಅದೇ ಹೊತ್ತಿತು, ಅದು ಬಳಲತೊಡಗಿದ ಮೇಲೆ 1999ರಲ್ಲಿ ತೈಲ, ಅನಿಲ ಹುಡುಕುವ ಪ್ರದೇಶಗಳ (ಬ್ಲಾಕ್‌ಗಳ) ಹರಾಜಿನ ಬಾಗಿಲು ಖಾಸಗಿ ಕಂಪನಿಗಳಿಗೂ ತೆರೆಯಿತು.

ಆ ಬಾಗಿಲಿನಿಂದ ಬಂದದ್ದೇ ಕೃಷ್ಣಾ–ಗೋದಾವರಿ (ಕೆ.ಜಿ.) ಕೊಳ್ಳದ ಡಿ6 ಬ್ಲಾಕ್. 2002ರಲ್ಲಿ ಕಾಕಿನಾಡದ ಆಚೆಗಿನ ಆಳ ಸಮುದ್ರದಲ್ಲಿ ಅನಿಲ ಪತ್ತೆಯಾಯಿತು. 2009ರ ಏಪ್ರಿಲ್‌ನಲ್ಲಿ ಕೊಳವೆಗಳ ಮೂಲಕ ಗಾಡಿಮೊಗದ ದಡ ಮುಟ್ಟಿತು. ದಿನಕ್ಕೆ 8 ಕೋಟಿ ಘನ ಮೀಟರ್ ಸಿಗುತ್ತದೆ ಎಂದು ಹೇಳಲಾಗಿತ್ತು. 2010ರಲ್ಲಿ 6 ಕೋಟಿ ದಾಟಿದ್ದೂ ನಿಜ. ಆಮೇಲೆ ಬಾವಿಗಳಲ್ಲಿ ಒತ್ತಡ ಕುಸಿಯಿತು, ಅನಿಲದ ಜೊತೆ ನೀರು, ಮರಳು ಬರತೊಡಗಿದವು. ಹಾಗಾದ ಬಾವಿಯನ್ನು ಮುಚ್ಚದೆ ಗತ್ಯಂತರವಿಲ್ಲ. 2013ರ ಕೊನೆಗೆ ಉತ್ಪಾದನೆ 1.5 ಕೋಟಿ ಘನ ಮೀಟರಿಗೂ ಕೆಳಗೆ ಬಂತು. ಭೂಗರ್ಭವೇ ನಿರೀಕ್ಷೆಗಿಂತ ಬೇರೆಯಾಗಿತ್ತು ಎಂದು ಬ್ಲಾಕ್ ಪಡೆದಿದ್ದ ರಿಲಯನ್ಸ್ ಕಂಪನಿ ವಾದಿಸಿತು, ಒಪ್ಪಿದಷ್ಟು ಬಾವಿ ಕೊರೆದಿಲ್ಲ ಎಂದು ಸರ್ಕಾರ ಹೇಳಿತು. ವಿಷಯ ಮಧ್ಯಸ್ಥಿಕೆಗೆ ಹೋಯಿತು. ಆ ಅನಿಲವನ್ನೇ ನಂಬಿ ಕಟ್ಟಿದ್ದ ವಿದ್ಯುತ್ ಸ್ಥಾವರಗಳು ಮಾತ್ರ ಸಾಲದ ಹೊರೆ ಹೊತ್ತು ನಿಂತವು. ದೇಶದಲ್ಲಿ ಹೀಗೆ ಅನಿಲವಿಲ್ಲದೆ ಸ್ಥಗಿತಗೊಂಡ ಸಾಮರ್ಥ್ಯ ಸುಮಾರು 14,000 ಮೆಗಾವಾಟ್.

ನನ್ನ ಮಟ್ಟಿಗೆ ಈ ಕಥೆಯ ಗಂಟು ಇರುವುದು ಬಾವಿಗಿಂತ ಹೆಚ್ಚಾಗಿ ದರದಲ್ಲಿ. ಡಿ6 ಅನಿಲಕ್ಕೆ 10 ಲಕ್ಷ ಬಿಟಿಯುಗೆ (ಅನಿಲ ಕೊಡುವ ಶಾಖವನ್ನು ಅಳೆಯುವ ಮಾನ) 4.2 ಡಾಲರ್ ನಿಗದಿಯಾಗಿತ್ತು. ಹಡಗಿನಲ್ಲಿ ಬರುವ ದ್ರವೀಕೃತ ಅನಿಲಕ್ಕೆ 2013ರ ಹೊತ್ತಿಗೆ ಅದರ ಮೂರು ಪಟ್ಟು ಕೊಡಬೇಕಿತ್ತು. ದೇಶೀ ಅನಿಲದ ದರವನ್ನು ಸುಮಾರು 8.4 ಡಾಲರ್‌ಗೆ ಒಯ್ಯುವ ಸೂತ್ರಕ್ಕೆ ಆ ವರ್ಷ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಜಾರಿಯಾಗಬೇಕಾದ 2014ರ ಏಪ್ರಿಲ್‌ನಲ್ಲಿ ಚುನಾವಣೆ ನಡೆಯುತ್ತಿದ್ದುದರಿಂದ ತಡೆಬಿತ್ತು. ಹೊಸ ಸರ್ಕಾರ ಹೊಸ ಸೂತ್ರ ತಂದು ಸುಮಾರು 5 ಡಾಲರ್‌ಗೆ ನಿಲ್ಲಿಸಿತು. ಆ ಸೂತ್ರ ವಿದೇಶಿ ಮಾರುಕಟ್ಟೆಗಳ ದರಕ್ಕೆ ಜೋಡಿಕೊಂಡಿತ್ತು. ಅಲ್ಲಿ ಅನಿಲ ಅಗ್ಗವಾದಂತೆ ಇಲ್ಲಿಯೂ ಇಳಿದು 2020ರ ಅಕ್ಟೋಬರ್‌ನಲ್ಲಿ 1.79 ಡಾಲರ್‌ಗೆ ಬಂತು. ಅನೇಕ ಬಾವಿಗಳಲ್ಲಿ ಇದು ಖರ್ಚಿಗೂ ಸಾಲದ ದರ.

ದರ ಹಿಡಿದಿಡುವುದಕ್ಕೂ ಕಾರಣವಿದೆ. ಯೂರಿಯಾ ತಯಾರಾಗುವುದು ಅನಿಲದಿಂದ. ನಮ್ಮ ಸಹಕಾರ ಸಂಘಗಳಲ್ಲಿ 45 ಕಿಲೋ ಚೀಲ ಸುಮಾರು 266 ರೂಪಾಯಿಗೆ ಸಿಗುತ್ತದೆ. ಉಳಿದ ಖರ್ಚನ್ನು ಖಜಾನೆ ಭರಿಸುತ್ತದೆ. ಅನಿಲ ತುಟ್ಟಿಯಾದರೆ ಸಬ್ಸಿಡಿ ಬೆಳೆಯುತ್ತದೆ, ನಗರದ ಸಿಎನ್‌ಜಿ ಆಟೋದ ಖರ್ಚೂ ಏರುತ್ತದೆ. ಬಳಸುವವರಿಗೆ ಅಗ್ಗವಾಗಿರಬೇಕು, ಕೊರೆಯುವವರಿಗೆ ಲಾಭವೂ ಇರಬೇಕು ಎಂಬ ಎರಡು ಮಾತನ್ನು ಎಲ್ಲ ಸರ್ಕಾರಗಳೂ ಒಟ್ಟಿಗೇ ಕೊಟ್ಟಿವೆ. ಬಾವಿ ಕೊರೆಯಲು ಹಣ ಹೂಡುವವನು ಇಪ್ಪತ್ತು ವರ್ಷದ ಲೆಕ್ಕ ಹಾಕುತ್ತಾನೆ, ದರ ಮಾತ್ರ ಆರು ತಿಂಗಳಿಗೊಮ್ಮೆ ಬದಲಾಗುತ್ತಿತ್ತು.

ಆಳ ಸಮುದ್ರದ ಅನಿಲಕ್ಕೆ 2016ರಲ್ಲಿ ಬೇರೆಯದೇ ಆದ, ಹೆಚ್ಚಿನ ಗರಿಷ್ಠ ಮಿತಿಯೊಳಗೆ ದರ ಇಟ್ಟುಕೊಳ್ಳುವ ಸ್ವಾತಂತ್ರ್ಯ ಸಿಕ್ಕ ಮೇಲೆ ಅದೇ ಡಿ6ನಲ್ಲಿ ಹೊಸ ಹೂಡಿಕೆ ಬಂತು, 2020ರ ಡಿಸೆಂಬರ್‌ನಿಂದ ಉತ್ಪಾದನೆ ಮತ್ತೆ ಏರಿತು. ಇದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ತೈಲದಲ್ಲಿ ಅಂಥ ಚೇತರಿಕೆ ಕಾಣಲಿಲ್ಲ. 2016ರ ಆರಂಭದಲ್ಲಿ ಬ್ಯಾರೆಲ್ 30 ಡಾಲರ್‌ಗಿಂತ ಕೆಳಗಿಳಿದಾಗ ಪರಿಶೋಧನೆಗೆ ಹಣ ಹೊರಡಲಿಲ್ಲ. 2022ರಲ್ಲಿ 100 ದಾಟಿದಾಗ ದೇಶೀ ಕಚ್ಚಾ ತೈಲದ ಮೇಲೆ ಟನ್‌ಗೆ 23,250 ರೂಪಾಯಿ ವಿಶೇಷ ತೆರಿಗೆ ಬಿತ್ತು. ಅದು ಪೂರ್ತಿ ತೆರವಾದದ್ದು 2024ರ ಡಿಸೆಂಬರ್‌ನಲ್ಲಿ. 2011–12ರಲ್ಲಿ 3.8 ಕೋಟಿ ಟನ್ ಇದ್ದ ದೇಶೀ ತೈಲ ಈಗ 3 ಕೋಟಿಗೂ ಕಡಿಮೆ. ಬಳಕೆಯೋ 2014–15ರ 16.5 ಕೋಟಿ ಟನ್‌ನಿಂದ 2023–24ಕ್ಕೆ 23 ಕೋಟಿ ಮೀರಿತು. ಉತ್ಪಾದನೆ ಕುಸಿಯದೇ ಇದ್ದಿದ್ದರೂ ಆಮದಿನ ಪಾಲು ಏರುತ್ತಲೇ ಇತ್ತು.

ಈ ನಡುವೆ, ಆಮದಿಗೆ ಅಡ್ಡಿಯಾದರೆ ಕೈಗಿರಲಿ ಎಂದು, ಮಂಗಳೂರಿನಲ್ಲೂ ಉಡುಪಿ ಜಿಲ್ಲೆಯ ಪಾದೂರಿನಲ್ಲೂ ಬಂಡೆ ಕೊರೆದು ನೆಲದಡಿಯ ಗುಹೆಗಳಲ್ಲಿ ತೈಲ ತುಂಬಿಡಲಾಗಿದೆ, ಎರಡೂ ಕಡೆ ಸೇರಿ ಸುಮಾರು 40 ಲಕ್ಷ ಟನ್ ಹಿಡಿಯುವಷ್ಟು. ಮಂಗಳೂರಿನ ಗುಹೆಗೆ 2018ರಲ್ಲಿ ಬಂದ ತೈಲ ಅಬುಧಾಬಿಯದು.