ಸುರಂಗಗಳ ದಾಖಲೆ ಮತ್ತು ಸರಳ ಪಠ್ಯದ ಕಡತ

ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳ ವಿವರವನ್ನು ಬರೆದಿಡುವ ಕೆಲಸಕ್ಕೆ ನಾವು ಕೆಲವರು ಕೈಹಾಕಿದಾಗ, ಹಿಂದೆ ಯಾರೋ ಸಿದ್ಧಪಡಿಸಿದ್ದ ವರದಿಯೊಂದರ ಕಡತ ನಮ್ಮ ಕೈಗೆ ಬಂತು. ಬಾಯಾರು, ಪಡ್ರೆ ಕಡೆಯ ಸುರಂಗಗಳ ಉದ್ದ, ತಿರುವು, ಬೇಸಗೆಯಲ್ಲಿ ಉಳಿಯುವ ನೀರು ಎಲ್ಲವೂ ಅದರಲ್ಲಿದೆಯೆಂದು ಕೊಟ್ಟವರು ಹೇಳಿದ್ದರು. ತೆರೆದು ನೋಡಿದರೆ ಪರದೆಯ ತುಂಬ ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟು, ಚುಕ್ಕಿಗಳು. ಅಂಕಿಗಳನ್ನು ಮಾತ್ರ ಓದಬಹುದಿತ್ತು. ಒಂದೆಡೆ 64 ಎಂದಿತ್ತು; ಅದು ಯಾವ ಸುರಂಗದ ಲೆಕ್ಕ, ಕೋಲಿನದೋ ಅಡಿಯದೋ ತಿಳಿಯುವ ದಾರಿಯಿರಲಿಲ್ಲ.

ಆ ವರದಿಯನ್ನು ಹಳೆಯ ಕಾಲದ ಕನ್ನಡ ಫಾಂಟೊಂದರಲ್ಲಿ ಬೆರಳಚ್ಚು ಮಾಡಲಾಗಿತ್ತು. ಅಂಥ ಫಾಂಟುಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸಂಖ್ಯೆಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು, ಅಂದರೆ ತಲಕಟ್ಟು, ಕೊಂಬು, ಒತ್ತುಗಳನ್ನು ಚಿತ್ರಗಳಾಗಿ ಕೂರಿಸಿರುತ್ತವೆ. ಫಾಂಟ್ ಇರುವ ಗಣಕದಲ್ಲಿ ಅದು ಕನ್ನಡವಾಗಿ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ಒಳಗಿರುವ ರೋಮನ್ ಸಂಕೇತಗಳೇ ಹೊರಗೆ ಬೀಳುತ್ತವೆ. ಕಡತದಲ್ಲಿ ಇದ್ದದ್ದು ಅಕ್ಷರದ ತೋರಿಕೆ ಮಾತ್ರ, ಅಕ್ಷರವಲ್ಲ.

ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಕೇತಸಂಖ್ಯೆಯನ್ನು ಗೊತ್ತುಪಡಿಸುವ, 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಮಾನದಂಡ ಅಕ್ಷರಕ್ಕೂ ತೋರಿಕೆಗೂ ಇರುವ ಈ ಸಂಬಂಧವನ್ನು ಸರಿಪಡಿಸಿತು. ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಒಂದು ವಿಭಾಗವಿದೆ. ‘ಸುರಂಗ’ ಎಂಬ ಪದ ಸ, ಉಕಾರ, ರ, ಅನುಸ್ವಾರ, ಗ ಎಂಬ ಐದು ಸಂಕೇತಗಳಾಗಿ ಕಡತವನ್ನು ಸೇರುತ್ತದೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ, ಸಂಕೇತಗಳನ್ನು ಬೈಟುಗಳಾಗಿ ಕಡತದಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ 3 ಬೈಟಿನಂತೆ ಒಟ್ಟು 15 ಬೈಟ್ ಬೇಕಾಗುತ್ತದೆ. ಉಕಾರದ ಕೊಂಬು ಸಕಾರಕ್ಕೆ ಎಲ್ಲಿ ತಾಗಬೇಕು, ಒತ್ತಕ್ಷರ ಎಷ್ಟು ಕೆಳಗಿಳಿಯಬೇಕು ಎಂಬುದನ್ನು ತೋರಿಸುವ ಹೊತ್ತಿಗೆ ಫಾಂಟ್ ಮತ್ತು ಹಾರ್ಫ್‌ಬಜ್‌ನಂತಹ ಅಕ್ಷರಜೋಡಣೆಯ ತಂತ್ರಾಂಶಗಳು ನಿರ್ಧರಿಸುತ್ತವೆ.

ಇಡೀ ದಾಖಲೆಗೂ ಇದೇ ಕ್ರಮವನ್ನು ಅನ್ವಯಿಸಬಹುದು. ಯಾವುದು ತಲೆಬರಹ, ಯಾವುದು ಪಟ್ಟಿ, ಯಾವುದು ಕೋಷ್ಟಕ ಎಂಬುದನ್ನಷ್ಟೇ ಸಣ್ಣ ಗುರುತುಗಳಿಂದ ಬರೆದಿಟ್ಟು, ಪುಟದ ಅಂದವನ್ನು ಪ್ರಕಟಣೆಯ ಹಂತಕ್ಕೆ ಬಿಡುವುದು ಸರಳ ಪಠ್ಯದ ವಿಧಾನ. 1964ರಲ್ಲಿ ಎಂಐಟಿಯಲ್ಲಿ ಜೆರೋಮ್ ಸಾಲ್ಟ್ಜರ್ ಬರೆದ ರನ್‌ಆಫ್ ಎಂಬ ತಂತ್ರಾಂಶವೇ ಈ ದಾರಿ ಹಿಡಿದಿತ್ತು. 2004ರಲ್ಲಿ ಬಂದ ಮಾರ್ಕ್‌ಡೌನ್ ಎಂಬ ಗುರುತುಗಳ ಪದ್ಧತಿ ಇಂದು ಹೆಚ್ಚು ಪರಿಚಿತ. ನಾವು ಆರಿಸಿಕೊಂಡದ್ದು ಅಂಥದೇ ಇನ್ನೊಂದು ಪದ್ಧತಿಯಾದ, ದೊಡ್ಡ ದಾಖಲೆಗಳಿಗೆ ಹೆಚ್ಚು ಒಗ್ಗುವ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್. ನಮ್ಮ ಒಂದು ಕಡತ ಹೀಗೆ ಆರಂಭವಾಗುತ್ತದೆ:

ಸುರಂಗ 12
==========
ಉದ್ದ 64 ಕೋಲು.
ಬಾಯಿಯಿಂದ ಒಳಗೆ ಹೋದರೆ ಎಡಕ್ಕೆ ಒಂದು ತಿರುವಿದೆ.

ಕೆಳಗಿನ ಗೆರೆಯೇ ಮೇಲಿನ ಸಾಲು ತಲೆಬರಹವೆಂದು ಸಾರುತ್ತದೆ. ಯಾವ ತಂತ್ರಾಂಶವೂ ಇಲ್ಲದೆ ಮನುಷ್ಯರು ಇದನ್ನು ಓದಿಕೊಳ್ಳಬಹುದು, ಮತ್ತು ನನ್ನ ದೃಷ್ಟಿಯಲ್ಲಿ ಈ ವಿಧಾನದ ಅತಿ ದೊಡ್ಡ ಗುಣ ಇದೇ.

ವಾಕ್ಯಕ್ಕೊಂದು ಸಾಲು ಎಂಬ ನಿಯಮವನ್ನು ನಾವು ಕಟ್ಟುನಿಟ್ಟಾಗಿ ಪಾಲಿಸುತ್ತೇವೆ. ಬೆಲ್ ಲ್ಯಾಬ್ಸ್‌ನ ಬ್ರಯಾನ್ ಕರ್ನಿಘನ್ 1974ರಲ್ಲಿಯೇ ಈ ಸಲಹೆ ಕೊಟ್ಟಿದ್ದರು. ಅದೇ ಪ್ರಯೋಗಾಲಯದಲ್ಲಿ ಡಗ್ಲಾಸ್ ಮೆಕಿಲ್‌ರಾಯ್ ರೂಪಿಸಿದ ‘ಡಿಫ್’ ಎರಡು ಕಡತಗಳನ್ನು ಸಾಲು ಸಾಲಾಗಿ ಹೋಲಿಸುತ್ತದೆ. ಎರಡರಲ್ಲೂ ಅದೇ ಕ್ರಮದಲ್ಲಿ ಬರುವ ಸಾಲುಗಳ ಅತಿ ಉದ್ದದ ಸರಣಿಯನ್ನು ಮೊದಲು ಗುರುತಿಸಿ, ಅದರಾಚೆಗೆ ಉಳಿದ ಸಾಲುಗಳನ್ನು ಬದಲಾವಣೆಗಳೆಂದು ತೋರಿಸುತ್ತದೆ. ಪುಟಗಟ್ಟಲೆ ಬರಹದಲ್ಲಿ ಯಾರೋ ಒಂದು ಅಂಕಿಯನ್ನು ತಿದ್ದಿದ್ದರೆ ಆ ಒಂದೇ ವಾಕ್ಯ ಎದ್ದು ಕಾಣುತ್ತದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ‘ಗಿಟ್’ ಇದರ ಜೊತೆಗೆ ಯಾರು, ಯಾವಾಗ, ಏಕೆ ತಿದ್ದಿದರು ಎಂಬುದನ್ನೂ ಕಾಪಿಡುತ್ತದೆ. ಅಳತೆಗೆ ಹೋದವರು ಒಬ್ಬರು, ಬರೆದವರು ಇನ್ನೊಬ್ಬರು ಆಗಿರುವ ನಮ್ಮಂಥ ಕೆಲಸದಲ್ಲಿ ಈ ಚರಿತ್ರೆಯಿಲ್ಲದಿದ್ದರೆ ಅಂಕಿಗಳ ಮೇಲೆ ಭರವಸೆ ಇಡುವುದೇ ಕಷ್ಟ.

ಆದರೆ ಕನ್ನಡಕ್ಕೆ ಇಲ್ಲಿಯೂ ಒಂದು ತೊಡಕಿದೆ. ಹಳೆಯ ವರದಿಯ ಫಾಂಟ್ ಯಾವುದೆಂದು ಕೊನೆಗೆ ಪತ್ತೆಹಚ್ಚಿ, ಪರಿವರ್ತಕದ ಮೂಲಕ ಅದನ್ನು ಯೂನಿಕೋಡಿಗೆ ತಂದೆವು. ಬರಹವೇನೋ ಸರಿಯಾಗಿಯೇ ಕಂಡಿತು, ಆದರೆ ‘ಕೋಲು’ ಎಂದು ಹುಡುಕಿದರೆ ಕಣ್ಣಿಗೆ ಕಾಣುವಷ್ಟು ಸಾಲುಗಳು ಸಿಗುತ್ತಿರಲಿಲ್ಲ. ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘ ಎಂಬ ಮೂರು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ‘ಕೋಲು’. ಕಡತದೊಳಗೆ ಮೊದಲನೆಯದು 12 ಬೈಟ್, ಎರಡನೆಯದು 18 ಬೈಟ್. ಡಿಫ್ ಇವೆರಡನ್ನೂ ಬೇರೆ ಬೇರೆ ಪದಗಳೆಂದೇ ಎಣಿಸುತ್ತದೆ. ಇಂಥ ಬಿಡಿ ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ನಿಯಮವನ್ನು ಯೂನಿಕೋಡ್ ತಾನೇ ಕೊಟ್ಟಿದೆ, ಅದನ್ನು ನಡೆಸುವ ಸೌಲಭ್ಯ ಪೈಥಾನ್ ಎಂಬ ಗಣಕ ಭಾಷೆಯ ಜೊತೆಯಲ್ಲೇ ಬರುತ್ತದೆ. ಕಡತ ಉಳಿಸುವಾಗಲೆಲ್ಲ ಆ ನಿಯಮ ಜಾರಿಯಾಗುವಂತೆ ಮಾಡಿದ ಮೇಲೆ ಹುಡುಕಾಟ ಸರಿಹೋಯಿತು. ಕನ್ನಡದಲ್ಲಿ ದೊಡ್ಡ ದಾಖಲೆ ಕಟ್ಟಹೊರಟವರು ಇದನ್ನು ಮೊದಲ ದಿನವೇ ಮಾಡಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ.

ಪ್ರಕಟಣೆಗೆ ನಾವು ಬಳಸುವುದು ಸ್ಫಿಂಕ್ಸ್ ಎಂಬ ತಂತ್ರಾಂಶವನ್ನು. ಪೈಥಾನ್ ಭಾಷೆಯ ಕೈಪಿಡಿಗಳಿಗಾಗಿ ಗೇಯೋರ್ಗ್ ಬ್ರಾಂಡಲ್ ಬರೆದ ಇದು 2008ರಲ್ಲಿ ಹೊರಬಂತು. ಗುರುತುಗಳನ್ನು ಓದಿ ದಾಖಲೆಯ ಮರವೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡಂತೆ, ಅಧ್ಯಾಯ ಕಾಂಡವಾಗಿ ಕಂಡಿಕೆಗಳು ಕೊಂಬೆಗಳಾಗಿ ಜೋಡಿಸಿಕೊಂಡು, ಅದೇ ಮರದಿಂದ ಜಾಲತಾಣ, ಇ-ಪುಸ್ತಕ, ಪಿಡಿಎಫ್ ಮೂರನ್ನೂ ತೆಗೆಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಇಷ್ಟೇ ಸಾಲದು. ತೋಟದವರು ಕನ್ನಡದಲ್ಲಿ ಓದುತ್ತಾರೆ, ಕಚೇರಿಗಳಿಗೆ ಮಲಯಾಳದ ಪ್ರತಿ ಬೇಕು. ಸ್ಫಿಂಕ್ಸ್ ಮೂಲದ ಒಂದೊಂದು ಕಂಡಿಕೆಯನ್ನೂ ಬೇರೆ ಕಡತಕ್ಕೆ ಇಳಿಸಿಕೊಡುತ್ತದೆ. ಅನುವಾದಕರು ಪ್ರತಿಯೊಂದರ ಕೆಳಗೆ ಮಲಯಾಳವನ್ನು ತುಂಬುತ್ತಾರೆ. ಮೂಲ ಬದಲಾದಾಗ ಅನುವಾದದ ಕಡತವನ್ನು ಹೊಸದಾಗಿ ಹೊಂದಿಸಿದರೆ, ಬಹುಮಟ್ಟಿಗೆ ಹೋಲುವ ಹಳೆಯ ಅನುವಾದದ ಮೇಲೆ ‘ಫಝಿ’ ಎಂಬ ಗುರುತು ಬೀಳುತ್ತದೆ, ಅಂದರೆ ಇದನ್ನು ಇನ್ನೊಮ್ಮೆ ನೋಡಬೇಕು ಎಂದು.

ಕಳೆದ ಬೇಸಗೆಯಲ್ಲಿ 12ನೇ ಸುರಂಗವನ್ನು ಹಿರಿಯ ಕೆಲಸಗಾರರೊಬ್ಬರು ಬಂದು ನೋಡಿದರು. ಹಿಂದೆ ಅಳೆದವರು ತಿರುವಿನ ಆಚೆಗಿನ 7 ಕೋಲನ್ನು ಬಿಟ್ಟಿದ್ದಾರೆಂದು ಅವರು ಮೊಂಬತ್ತಿ ಹಿಡಿದು ಒಳಗೆ ನಡೆದು ತೋರಿಸಿಕೊಟ್ಟರು. ಅಂದು ಸಂಜೆ ಒಂದು ಸಾಲು ತಿದ್ದಿದೆವು: 64 ಹೋಗಿ 71 ಬಂತು. ಅದಕ್ಕೆ ಕಾರಣವೂ ಚರಿತ್ರೆಯನ್ನು ಸೇರಿತು. ಕನ್ನಡದ ಜಾಲತಾಣ ಮತ್ತು ಪಿಡಿಎಫ್ ಕೂಡಲೇ ಸರಿಯಾದವು. ಫಝಿ ಗುರುತು ಬಿದ್ದ ಅನುವಾದವನ್ನು ಸ್ಫಿಂಕ್ಸ್ ತಾನಾಗಿ ಪ್ರಕಟಿಸುವುದಿಲ್ಲ, ಮೂಲದ ಕಂಡಿಕೆಯನ್ನೇ ಇಡುತ್ತದೆ. ಹಾಗಾಗಿ ಅನುವಾದಕರು ಮರುದಿನ ಬಂದು ನೋಡುವವರೆಗೆ, ಮಲಯಾಳದ ಆ ಪುಟದ ನಡುವೆ ‘ಉದ್ದ 71 ಕೋಲು’ ಎಂಬ ಕನ್ನಡದ ಸಾಲು ಇತ್ತು.