ಪೇಜ್‌ಮೇಕರ್ ಹಳೆಯದು, ಕಂಪ್ಯೂಟರ್ ಹೊಸದು: ತೊಡಕು ಎಲ್ಲಿದೆ?

ಪ್ರಶ್ನೆ: ನಮ್ಮದು ಲಗ್ನಪತ್ರಿಕೆ, ಕರಪತ್ರ, ಬಿಲ್‌ಬುಕ್ ಮಾಡಿಕೊಡುವ ಸಣ್ಣ ಡಿಟಿಪಿ ಅಂಗಡಿ. ಹಳೆ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಕೈಕೊಟ್ಟಿತು ಅಂತ ವಿಂಡೋಸ್ 11 ಇರುವ ಹೊಸದನ್ನು ತಂದೆವು. ಪುಟ ವಿನ್ಯಾಸ ಮಾಡುವ ತಂತ್ರಾಂಶ ಪೇಜ್‌ಮೇಕರ್ 7 ಹೇಗೋ ಇನ್‌ಸ್ಟಾಲ್ ಆಯಿತು. ಆದರೆ ಸೇವ್ ಮಾಡಿದ ಫೈಲು ಕಾಣುವುದಿಲ್ಲ. ಯಾರೋ ಹೇಳಿದ ಹಾಗೆ ಸೆಟ್ಟಿಂಗ್ ಬದಲಿಸಿದ ಮೇಲೆ 'ನುಡಿ' ಕನ್ನಡ ತಂತ್ರಾಂಶದಲ್ಲಿ ಟೈಪೇ ಆಗುತ್ತಿಲ್ಲ. ಏನು ಮಾಡಬೇಕು?

ಉತ್ತರ: ಆ 'ಯಾರೋ' ಹೇಳಿದ್ದು ಏನು ಅಂತ ನಾನು ಊಹಿಸಬಲ್ಲೆ. 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಟಿಕ್ ಹಾಕಿ, ಅಂದರೆ ಪ್ರೋಗ್ರಾಂಗೆ ಪೂರ್ತಿ ಅಧಿಕಾರ (ಅಡ್ಮಿನ್) ಕೊಡಿ ಅಂದಿರುತ್ತಾರೆ. ಎಲ್ಲರೂ ಮೊದಲು ಹೇಳುವುದು ಅದನ್ನೇ. ನಿಮ್ಮ ಎರಡನೇ ತೊಂದರೆ ಹುಟ್ಟಿದ್ದು ಬಹುಶಃ ಅಲ್ಲಿಂದಲೇ.

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದನ್ನು ಹೊರತಂದ ಅಡೋಬಿ ಕಂಪನಿ ಆಮೇಲೆ ಇನ್‌ಡಿಸೈನ್ ಎಂಬ ತನ್ನ ಇನ್ನೊಂದು ಪುಟ ವಿನ್ಯಾಸ ತಂತ್ರಾಂಶದ ಕಡೆ ಹೊರಳಿತು. ಆದರೂ ನಮ್ಮ ಕಡೆಯ ಎಷ್ಟೋ ಅಂಗಡಿಗಳಿಗೆ ಇವತ್ತಿಗೂ ಅನ್ನ ಹಾಕುತ್ತಿರುವುದು ಪೇಜ್‌ಮೇಕರೇ. ಹೋದ ವರ್ಷದ ಜಾತ್ರೆ ಕರಪತ್ರ ತೆರೆದು ತಾರೀಕು ಬದಲಿಸಿದರೆ ಈ ವರ್ಷದ ಕೆಲಸ ಮುಗಿಯಿತು. ಅದನ್ನು ಬಿಡು ಅಂದರೆ ಬಿಡಲಾದೀತೇ?

ಆ ಕಾಲದ ಪ್ರೋಗ್ರಾಂಗಳಿಗೆ ಒಂದು ಅಭ್ಯಾಸ ಇತ್ತು. ತಮ್ಮದೇ ಫೋಲ್ಡರಿನೊಳಗೆ ಸೆಟ್ಟಿಂಗ್, ಟೆಂಪ್ಲೇಟು, ಕೆಲವೊಮ್ಮೆ ನಿಮ್ಮ ಫೈಲನ್ನೂ ಬರೆಯುತ್ತಿದ್ದವು. ಎಕ್ಸ್‌ಪಿಯಲ್ಲಿ ಹೆಚ್ಚಿನವರು ಅಡ್ಮಿನ್ ಆಗಿಯೇ ಕೂರುತ್ತಿದ್ದರಿಂದ ಯಾರೂ ತಡೆಯುತ್ತಿರಲಿಲ್ಲ. ಎಕ್ಸ್‌ಪಿಯ ನಂತರದ ವಿಂಡೋಸ್ ವಿಸ್ಟಾ ಬಂದಾಗಿನಿಂದ 'ಪ್ರೋಗ್ರಾಂ ಫೈಲ್ಸ್' ಫೋಲ್ಡರಿಗೆ ಬೀಗ ಬಿದ್ದಿದೆ. ಆದರೆ ಹಳೆ ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ ವಿಂಡೋಸ್ ಬೈಯುವುದಿಲ್ಲ, ಜಾಣತನ ಮಾಡುತ್ತದೆ. 'ಆಯ್ತು, ಬರೆದೆ' ಅಂತ ಹೇಳಿ, ಫೈಲನ್ನು ಸದ್ದಿಲ್ಲದೆ 'ವರ್ಚುವಲ್ ಸ್ಟೋರ್' ಎಂಬ ಬೇರೆ ಫೋಲ್ಡರಿನಲ್ಲಿ ಇಡುತ್ತದೆ. ಪೇಜ್‌ಮೇಕರ್ ಒಳಗಿನಿಂದ ನೋಡಿದರೆ ಫೈಲು ಇದೆ. ಫೋಲ್ಡರ್ ತೆರೆದು ನೋಡಿದರೆ ಇಲ್ಲ.

ಈಗ ಅಡ್ಮಿನ್ ಟಿಕ್ ಹಾಕಿದಿರಿ ಅನ್ನಿ. ಈ ಜಾಣತನ ಅಲ್ಲಿಗೆ ನಿಲ್ಲುತ್ತದೆ. ಪ್ರೋಗ್ರಾಂ ನಿಜವಾದ ಫೋಲ್ಡರನ್ನೇ ನೋಡುತ್ತದೆ. ನಿನ್ನೆಯವರೆಗೆ ಅದರ ಕಣ್ಣಿಗೆ ಕಾಣುತ್ತಿದ್ದ ಫೈಲು ಇವತ್ತು ಅದಕ್ಕೂ ಕಾಣುವುದಿಲ್ಲ. ಒಂದು ಅಂಗಡಿಯಲ್ಲಿ ನಾನೇ ಹೀಗೆ ಟಿಕ್ ಹಾಕಿ, ಕಾಫಿ ಕುಡಿದು ಬಂದಿದ್ದೆ. ಮರುದಿನ ಬೆಳಿಗ್ಗೆಯೇ ಫೋನು. ಗೃಹಪ್ರವೇಶದ ಕಾರ್ಡೇ ಮಾಯ ಅಂತ.

ಹುಡುಕುವುದು ಕಷ್ಟವಲ್ಲ. ಸಿ ಡ್ರೈವಿನ 'ಯೂಸರ್ಸ್' ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ. ಅದರಲ್ಲಿ 'ಆ್ಯಪ್‌ಡೇಟಾ', ಅದರಲ್ಲಿ 'ಲೋಕಲ್', ಅದರಲ್ಲಿ 'ವರ್ಚುವಲ್ ಸ್ಟೋರ್'. ಆ್ಯಪ್‌ಡೇಟಾ ಕಾಣದಿದ್ದರೆ ವ್ಯೂ ಮೆನುವಿನ 'ಶೋ' ಒಳಗೆ 'ಹಿಡನ್ ಐಟಮ್ಸ್' ಟಿಕ್ ಮಾಡಿ. ಸಿಕ್ಕ ಫೈಲುಗಳನ್ನು ಡಾಕ್ಯುಮೆಂಟ್ಸಿಗೋ ಡಿ ಡ್ರೈವಿಗೋ ಕಾಪಿ ಮಾಡಿಕೊಳ್ಳಿ. ಉಳಿದ ರಿಪೇರಿ ಇದಾದ ಮೇಲೆ.

ಇನ್ನು ನುಡಿ. ಅದು ಪರದೆಯ ಮೂಲೆಯಲ್ಲಿ ಕೂತು, ನೀವು ಒತ್ತಿದ ಕೀಯನ್ನು ನಡುದಾರಿಯಲ್ಲಿ ಹಿಡಿದು, ಅದನ್ನು ಕನ್ನಡ ಅಕ್ಷರವಾಗಿಸಿ ಪೇಜ್‌ಮೇಕರಿಗೆ ಕೊಡುತ್ತದೆ. ವಿಂಡೋಸಿನ ನಿಯಮವೇನೆಂದರೆ, ಸಾಮಾನ್ಯ ದರ್ಜೆಯ ಪ್ರೋಗ್ರಾಂ ಅಡ್ಮಿನ್ ದರ್ಜೆಯದರ ಕೀಲಿಮಣೆಗೆ ಕೈ ಹಾಕುವಂತಿಲ್ಲ. ಪಾಸ್‌ವರ್ಡ್ ಕದಿಯುವ ಕಳ್ಳ ಪ್ರೋಗ್ರಾಂಗಳೂ ಇದೇ ದಾರಿ ಹಿಡಿಯುವುದರಿಂದ ಈ ನಿಯಮ ಇದೆ. ಪೇಜ್‌ಮೇಕರನ್ನು ಅಡ್ಮಿನ್ ಮಾಡಿದಿರಿ, ನುಡಿ ಸಾಮಾನ್ಯವಾಗಿಯೇ ಉಳಿಯಿತು. ವರ್ಡಿನಲ್ಲಿ ಕನ್ನಡ ಬರುತ್ತದೆ, ಪೇಜ್‌ಮೇಕರಿನಲ್ಲಿ ಇಂಗ್ಲಿಷೇ ಬೀಳುತ್ತದೆ. ಫೋಟೋವನ್ನು ಫೋಲ್ಡರಿನಿಂದ ಎಳೆದು ತಂದು ಬಿಡುವುದೂ ಇದೇ ಕಾರಣಕ್ಕೆ ನಿಂತಿರುತ್ತದೆ, ಗಮನಿಸಿದಿರಾ?

ಹಾಗಾಗಿ ಎರಡೂ ಅಡ್ಮಿನ್ ಆಗಿರಬೇಕು, ಇಲ್ಲವೇ ಎರಡೂ ಆಗಿರಬಾರದು. ನನ್ನ ಓಟು ಎರಡನೆಯದಕ್ಕೆ. ಪೇಜ್‌ಮೇಕರನ್ನು ಒಮ್ಮೆ ತೆಗೆದುಹಾಕಿ. ಮತ್ತೆ ಇನ್‌ಸ್ಟಾಲ್ ಮಾಡುವಾಗ ಎಲ್ಲಿ ಹಾಕಲಿ ಅಂತ ಕೇಳುತ್ತದಲ್ಲ, ಅಲ್ಲಿ ಪ್ರೋಗ್ರಾಂ ಫೈಲ್ಸ್ ಬೇಡ. ಸಿ ಡ್ರೈವಿನಲ್ಲಿ ನೇರವಾಗಿ 'ಪಿಎಂ7' ಅಂತ ಫೋಲ್ಡರ್ ಮಾಡಿ ಅದನ್ನು ತೋರಿಸಿ. ಅಲ್ಲಿ ಬೀಗ ಇಲ್ಲ. ಅಡ್ಮಿನ್ ಟಿಕ್ ಇಲ್ಲದೆಯೇ ತೆರೆದುಕೊಂಡರೆ ಮೇಲಿನ ಎರಡೂ ತೊಂದರೆ ಒಟ್ಟಿಗೆ ಹೋಗುತ್ತವೆ. ಅಷ್ಟಾದರೂ ಹಟ ಮಾಡಿದರೆ ಮಾತ್ರ ಎರಡಕ್ಕೂ ಅಡ್ಮಿನ್ ಟಿಕ್ ಹಾಕಿ. ಪೇಜ್‌ಮೇಕರ್ ಐಕಾನಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಆರಿಸಿಯೂ ನೋಡಬಹುದು. ಈ ಮೋಡ್ ಹಾಕಿದರೆ ಕಂಪ್ಯೂಟರ್ ಎಕ್ಸ್‌ಪಿ ಆಗಿಬಿಡುತ್ತದೆ ಅಂತಲ್ಲ. 'ನೀನು ಎಕ್ಸ್‌ಪಿಯಲ್ಲಿ ಇದ್ದೀಯ' ಅಂತ ಪ್ರೋಗ್ರಾಂಗೆ ಒಂದಿಷ್ಟು ಸುಳ್ಳು ಹೇಳುತ್ತದೆ, ಅಷ್ಟೆ. ಎಲ್ಲ ಸುಳ್ಳೂ ನಡೆಯುವುದಿಲ್ಲ.

ನುಡಿ ಫಾಂಟು ಪೇಜ್‌ಮೇಕರಿನ ಪಟ್ಟಿಯಲ್ಲಿ ಕಾಣದಿದ್ದರೆ, ಫಾಂಟ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಿ. ಬರೀ 'ಇನ್‌ಸ್ಟಾಲ್' ಅಂದರೆ ಈಗಿನ ವಿಂಡೋಸ್ ಅದನ್ನು ನಿಮ್ಮೊಬ್ಬರ ಖಾತೆಗೆ ಮಾತ್ರ ಹಾಕುತ್ತದೆ. ಕೆಲವು ಹಳೆ ಪ್ರೋಗ್ರಾಂಗಳಿಗೆ ಆ ಜಾಗ ಗೊತ್ತೇ ಇಲ್ಲ.

ನೀವು ಕೇಳಿಲ್ಲ, ಆದರೆ ನಾಳೆ ಕೇಳುತ್ತೀರಿ: ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಕನ್ನಡ ಮ್ಯಾಟರನ್ನು ಪೇಜ್‌ಮೇಕರಿಗೆ ಪೇಸ್ಟ್ ಮಾಡಿದರೆ ಬರೀ ಪ್ರಶ್ನೆ ಚಿಹ್ನೆ ಬರುತ್ತದೆ. ಇದು ವಿಂಡೋಸ್ 11ರ ತಪ್ಪಲ್ಲ. ವಾಟ್ಸಾಪಿನದು ಯೂನಿಕೋಡ್ ಕನ್ನಡ, ಅಂದರೆ ಎಲ್ಲ ಭಾಷೆಗಳ ಅಕ್ಷರಕ್ಕೂ ಬೇರೆ ಬೇರೆ ಸಂಕೇತ ಇರುವ ಪದ್ಧತಿಯದು. ಪೇಜ್‌ಮೇಕರಿಗೆ ಯೂನಿಕೋಡ್ ಬರುವುದಿಲ್ಲ. ಹಳೆ ನುಡಿ ಫಾಂಟಿನಲ್ಲಿ ನೀವು ನೋಡುವ 'ಕನ್ನಡ' ಎಂಬ ಪದ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಅದು ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಹೀಗೆ ಏನೇನೋ ಸೇರಿದ ಸರ. ಫಾಂಟು ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ. ಫಾಂಟ್ ತೆಗೆದರೆ ಒಳಗಿನದು ಹೊರಬೀಳುತ್ತದೆ.

ಇದಕ್ಕೆ ಪರಿಹಾರ ಅಂತ ಕೆಲವರು ರೀಜನ್ ಸೆಟ್ಟಿಂಗಿನಲ್ಲಿ 'ನಾನ್ ಯೂನಿಕೋಡ್ ಪ್ರೋಗ್ರಾಂಗಳ ಭಾಷೆ' ಬದಲಿಸಲು ಹೇಳುತ್ತಾರೆ. ಚೀನೀ, ರಷ್ಯನ್ ಭಾಷೆಗಳಿಗೆ ಅದು ಕೆಲಸ ಮಾಡುತ್ತದೆ. ಕನ್ನಡಕ್ಕೆ ಈ ಸೆಟ್ಟಿಂಗ್ ಬಳಸಬಲ್ಲ ಹಳೆಯ ಸಂಕೇತ ಪಟ್ಟಿ ವಿಂಡೋಸಿನಲ್ಲಿ ಇಲ್ಲದ ಕಾರಣ ನಮಗೆ ಕೆಲಸಕ್ಕೆ ಬಾರದು. ಅಲ್ಲೇ ಕೆಳಗೆ 'ಬೀಟಾ: ಯುಟಿಎಫ್-8' ಅಂತ ಒಂದು ಟಿಕ್ ಇದೆ. ಅದನ್ನು ದಯವಿಟ್ಟು ಮುಟ್ಟಬೇಡಿ. ಹಾಕಿದರೆ ಆ ಪೌಂಡ್ ಗುರುತಿನ ಲೆಕ್ಕವೆಲ್ಲ ತಪ್ಪಿ, ಸರಿಯಿದ್ದ ಹಳೆ ಫೈಲೂ ಕಲಸುಮೇಲೋಗರ ಆದೀತು. ಪರಿವರ್ತಕ ತಂತ್ರಾಂಶದಲ್ಲಿ ಯೂನಿಕೋಡನ್ನು ಹಳೆ ಸಂಕೇತಕ್ಕೆ ಬದಲಿಸಿ, ಆಮೇಲೆ ಪೇಸ್ಟ್ ಮಾಡುವುದೊಂದೇ ದಾರಿ.

ನಿಮ್ಮ ಪೇಜ್‌ಮೇಕರ್ ಇನ್‌ಸ್ಟಾಲ್ ಆದದ್ದೇ ಪುಣ್ಯ. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. ಅದು 32 ಬಿಟ್ ಪ್ರೋಗ್ರಾಂ ಓಡಿಸುತ್ತದೆ, 16 ಬಿಟ್ಟಿನದನ್ನು ಓಡಿಸುವುದಿಲ್ಲ. 1990ರ ದಶಕದ ಕೆಲವು ಸೀಡಿಗಳಲ್ಲಿ ಪ್ರೋಗ್ರಾಂ 32 ಬಿಟ್ಟಿನದೇ ಇದ್ದರೂ ಇನ್‌ಸ್ಟಾಲ್ ಮಾಡುವ ಭಾಗ 16 ಬಿಟ್ಟಿನದು, ಬಾಗಿಲಲ್ಲೇ ನಿಂತುಬಿಡುತ್ತದೆ. ಹಾಗೆಯೇ ಹಳೆ ಡಾಂಗಲ್ (ತಂತ್ರಾಂಶ ನಡೆಯಲು ಕಂಪ್ಯೂಟರಿಗೆ ಸಿಕ್ಕಿಸುವ ಕೀಲಿ), ಹಳೆ ಪ್ರಿಂಟರಿನ 32 ಬಿಟ್ ಡ್ರೈವರ್ ಕೂಡ ನಡೆಯುವುದಿಲ್ಲ. ಇಲ್ಲಿ ಯಾವ ಕಂಪ್ಯಾಟಿಬಿಲಿಟಿ ಟಿಕ್ಕೂ ಪ್ರಯೋಜನವಿಲ್ಲ. ಅಂಥದ್ದಿದ್ದರೆ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಹಾಕಿ, ಅದರೊಳಗೆ ನಿಮ್ಮ ಹಳೆ ಲೈಸೆನ್ಸಿನ ಎಕ್ಸ್‌ಪಿ ಇಟ್ಟುಕೊಳ್ಳಿ. ಎಕ್ಸ್‌ಪಿಗೆ ಸುರಕ್ಷತಾ ಅಪ್‌ಡೇಟ್ 2014ರ ಏಪ್ರಿಲ್‌ಗೇ ನಿಂತಿದೆ, ಆದ್ದರಿಂದ ಅದಕ್ಕೆ ಇಂಟರ್ನೆಟ್ ಕೊಡಬೇಡಿ.

ಪೇಜ್‌ಮೇಕರ್ ಬಿಟ್ಟು ಹೊರಬರುವ ಮನಸ್ಸಿದ್ದರೆ, ಇನ್‌ಡಿಸೈನ್ ಸಿಎಸ್6 ಈ ಫೈಲುಗಳನ್ನು ತೆರೆಯುತ್ತದೆ. ದುಡ್ಡು ಕೊಡದೆ ಸಿಗುವ ಲಿಬ್ರೆ ಆಫೀಸಿಗೂ 4.4ನೇ ಆವೃತ್ತಿಯಿಂದ ಅದು ಬರುತ್ತದೆ, ಆದರೆ ವಿನ್ಯಾಸ ಅಲ್ಲಲ್ಲಿ ಜರುಗುತ್ತದೆ. ಪಠ್ಯವನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತಿನ ಮೇಲೆ ಕಣ್ಣಿಡಿ. ಹಳೆ ಸಂಕೇತದಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲೇ ಬರಬೇಕು. ಪರಿವರ್ತಕಗಳು ಎಡವುವುದು ಅಲ್ಲೇ. ಲಗ್ನಪತ್ರಿಕೆಯಲ್ಲಿ ವರನ ಹೆಸರು ಕಾರ್ತಿಕ್ ಆಗಿದ್ದರೆ ಪ್ರಿಂಟಿಗೆ ಕೊಡುವ ಮುಂಚೆ ಎರಡು ಸಲ ಓದಿ.