ಹಾಳುಬಿದ್ದ ರೈಲ್ವೆ ಸ್ಟೇಷನ್ನಿನ ಚರಿತ್ರೆ ಹುಡುಕುವುದು ಹೇಗೆ?

ಪ್ರಶ್ನೆ: ದಾವಣಗೆರೆ-ಚಿತ್ರದುರ್ಗ ಕಡೆಯ ನಮ್ಮೂರ ಪಕ್ಕ ರೈಲು ನಿಲ್ಲದ ಹಳೇ ಸ್ಟೇಷನ್ ಇದೆ. ಬ್ರಿಟಿಷರು ಕಟ್ಟಿದ್ದು ಅಂತಾರೆ. ಯಾವಾಗ ಶುರುವಾಯಿತು, ಯಾಕೆ ಮುಚ್ಚಿತು?

ಉತ್ತರ: ಮೊದಲು ಅದು ಯಾವ ಮಾರ್ಗದ್ದು ಎಂದು ನೋಡಿ. ಬೆಂಗಳೂರಿನಿಂದ ಬಂದ ಮೀಟರ್ ಗೇಜ್ (ಒಂದು ಮೀಟರ್ ಅಗಲದ) ಹಳಿ ಹರಿಹರ ಮುಟ್ಟಿದ್ದು 1889ರಲ್ಲಿ. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಕವಲು ಹೋಗಿದ್ದು 1921ರಲ್ಲಿ. ಅದನ್ನು ಹಾಕಿಸಿದ್ದು ಮೈಸೂರು ಸಂಸ್ಥಾನ. ಆದರೆ ಮಾರ್ಗದ ವರ್ಷವೇ ಸ್ಟೇಷನ್ನಿನ ವರ್ಷ ಅಲ್ಲ. ಎಷ್ಟೋ ಸ್ಟೇಷನ್ನುಗಳು ಆಮೇಲೆ ಸೇರಿದವು. ಹೆಚ್ಚಿನವರು ತಪ್ಪುವುದು ಇಲ್ಲೇ.

ಇನ್ನು ಜಾಗಕ್ಕೆ ಹೋಗಿ. ಹಳಿಯ ಮಣ್ಣಿನ ಏರಿ ಸ್ಟೇಷನ್ ಎದುರು ಕೆಲವು ನೂರು ಮೀಟರ್ ಉದ್ದಕ್ಕೂ ಅಗಲವಾಗಿದ್ದರೆ ಅಲ್ಲಿ ಲೂಪ್ ಲೈನ್ (ಪಕ್ಕದ ಇನ್ನೊಂದು ಹಳಿ) ಇತ್ತು ಎಂದು ಬಹುಮಟ್ಟಿಗೆ ಹೇಳಬಹುದು. ಒಂಟಿ ಹಳಿಯಲ್ಲಿ ಎದುರು ಗಾಡಿ ದಾಟುವ ತನಕ ಇನ್ನೊಂದು ಗಾಡಿ ಕಾಯುತ್ತಿದ್ದುದು ಅಲ್ಲೇ. ಬಾವಿ, ಜೊತೆಗೆ ಎತ್ತರದ ಕಲ್ಲಿನ ಟ್ಯಾಂಕ್ ಕಟ್ಟೆ ಇದ್ದರೆ ಉಗಿ ಎಂಜಿನ್ನಿಗೆ ನೀರು ಹಿಡಿಯುತ್ತಿದ್ದ ತಾಣ. ಇಂಥ ಸ್ಟೇಷನ್ ಹುಟ್ಟಿದ್ದು ಊರಿನ ಪ್ರಯಾಣಿಕರಿಗಿಂತ ಹೆಚ್ಚಾಗಿ ಗಾಡಿಗಳ ಅಗತ್ಯಕ್ಕೆ. ಉಗಿ ಎಂಜಿನ್ ಹೋಯಿತು, 1990ರ ದಶಕದಲ್ಲಿ ಬ್ರಾಡ್ ಗೇಜ್ (ಹೆಚ್ಚು ಅಗಲದ ಹಳಿ) ಬಂತು, ಜೋಡಿ ಹಳಿ ಬಿದ್ದಲ್ಲಿ ಕ್ರಾಸಿಂಗ್‌ಗಾಗಿ ಕಾಯುವ ಕೆಲಸವೂ ಮುಗಿಯಿತು. ಟಿಕೆಟ್ ಮಾರಾಟವೊಂದೇ ಆಸರೆಯಾಗಿ ಉಳಿದಾಗ ಸಣ್ಣ ಊರು ಸೋತಿತು. ‘ಜನ ಹತ್ತಲಿಲ್ಲ, ಅದಕ್ಕೇ ಮುಚ್ಚಿದರು’ ಅನ್ನುವುದು ಅರ್ಧ ಸತ್ಯ. ಊರಿನವರ ಮೇಲೆ ಆ ಹೊರೆ ಹೊರಿಸುವುದು ನ್ಯಾಯವಲ್ಲ.

ಬೇಲಿಗೆ ನೆಟ್ಟ ಹಳಿ ತುಂಡಿನ ನಡುಪಟ್ಟಿಯಲ್ಲಿ ತೂಕ, ತಯಾರಕರ ಗುರುತು, ವರ್ಷ ಉಬ್ಬಿರುತ್ತವೆ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಸೀಮೆಸುಣ್ಣ ಸವರಿ, ಓರೆ ಬೆಳಕಿನಲ್ಲಿ ಓದಿ. ಹಳೇ ಹಳಿಯಲ್ಲಿ 60 ಎಂದಿದ್ದರೆ ಗಜಕ್ಕೆ 60 ಪೌಂಡ್. ಇಷ್ಟರಿಂದ ಕಟ್ಟಡದ ವಯಸ್ಸು ಹೇಳಬೇಡಿ: ಮುಖ್ಯ ಮಾರ್ಗದಲ್ಲಿ ಸವೆದ ಹಳಿಯನ್ನು ಕವಲು ಮಾರ್ಗಕ್ಕೆ, ಕೊನೆಗೆ ಬೇಲಿಗೆ ಬಳಸುವುದು ರೂಢಿ. ಆ ಬೇಲಿ ಆ ವರ್ಷಕ್ಕಿಂತ ಹಿಂದಿನದಲ್ಲ, ಅಷ್ಟೇ. ಗೋಡೆಯ ಮೇಲಿನ ಇಸವಿಯೂ ಮರುಕಟ್ಟಿದ ಕಾಲದ್ದಿರಬಹುದು.

ಹಳೇ ಟೈಂಟೇಬಲ್ಲುಗಳನ್ನು ವರ್ಷವಾರು ಹೋಲಿಸಿ. ಹೆಸರು ಕಾಣುವ, ಮಾಯವಾಗುವ ವರ್ಷ ಸಿಗುತ್ತದೆ. ಭಾರತ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳಲ್ಲೂ ಸ್ಟೇಷನ್ ಹುಡುಕಿ: ದಾವಣಗೆರೆ 48ಎನ್, ಚಿತ್ರದುರ್ಗ 57ಬಿ ಹಾಳೆಗಳಲ್ಲಿ ಬರುತ್ತವೆ. ಸ್ಟೇಷನ್ ಹೆಸರು ಊರ ಹೆಸರೇ ಆಗಿರಬೇಕಿಲ್ಲ: ಹೊಸದುರ್ಗ ರೋಡ್ ಸ್ಟೇಷನ್ ಹೊಸದುರ್ಗ ಪಟ್ಟಣದಲ್ಲಿಲ್ಲ.

ಕೊನೆಗೆ ಮೈಸೂರು ರೈಲ್ವೆ ವಿಭಾಗಕ್ಕೆ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಸಮೇತ. ‘ಯಾಕೆ ಮುಚ್ಚಿದಿರಿ’ ಎಂದು ಕೇಳಿದರೆ ಉತ್ತರ ಬರುವುದು ಕಷ್ಟ, ಕಡತದಲ್ಲಿ ಇರುವುದನ್ನಷ್ಟೇ ಅವರು ಕೊಡಬೇಕು. ‘ಈ ಸ್ಟೇಷನ್ ಮುಚ್ಚಿದ ಆದೇಶದ ಪ್ರತಿ, ಅದಕ್ಕೆ ಮುಂಚಿನ ಪ್ರಸ್ತಾವದ ಟಿಪ್ಪಣಿ ಕೊಡಿ’ ಎಂದು ಬರೆಯಿರಿ, ಸ್ಟೇಷನ್ ಕೋಡ್ (ರೈಲ್ವೆ ಕೊಟ್ಟ ಇಂಗ್ಲಿಷ್ ಅಕ್ಷರಗಳ ಕಿರುಹೆಸರು) ಸೇರಿಸಿ. 30 ದಿನದೊಳಗೆ ಉತ್ತರ ಬರಬೇಕು.